ಬಾಣಂತಿ ಪಕ್ಕ ರಾತ್ರಿ ಎಚ್ಚರ ಇದ್ದವರು ಯಾರು?



ಹೋದ ತಿಂಗಳು ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. ಬಂದ ಟೈಮ್ ನೋಡಿದ್ರೆ ರಾತ್ರಿ 2.40. ಹಿಂದೆ ಮಗು ಕುಯ್ಯೋ ಅಂತಿದೆ, ಫ್ಯಾನ್ ಸದ್ದು ಬೇರೆ. ಅವರು ಪಿಸುದನಿಯಲ್ಲಿ ಕೇಳಿದ್ದು ಇಷ್ಟೇ: "ಐದು ವಾರದ ಮಗು. ಎರಡು ಗಂಟೆಗೊಂದ್ಸಲ ಏಳ್ತೀನಿ. ನಮ್ಮತ್ತೆ, ನಾವೆಲ್ಲ ಹತ್ತು ಹೆತ್ತಿಲ್ವಾ ಅಂತಾರೆ. ಹಿಂದಿನ ಕಾಲದಲ್ಲಿ ಇದನ್ನ ನಿಜವಾಗ್ಲೂ ಹೆಂಗೆ ಮಾಡ್ತಿದ್ರು? ಒಂದು ಎಪಿಸೋಡ್ ಮಾಡಿ."

ಮಾಡೋಣ ಅಂತ ಕೂತೆ. ಯುದ್ಧದ ಇತಿಹಾಸ ಇದೆ, ಕೆರೆ ಕಟ್ಟಿದ್ದರ ಇತಿಹಾಸ ಇದೆ, ಪಾಳೇಗಾರರ ಒಂದೊಂದು ಜಗಳಕ್ಕೂ ಲೆಕ್ಕ ಇದೆ. ರಾತ್ರಿ ಮಗುವಿಗೆ ಹಾಲು ಕೊಡೋದಕ್ಕೆ ಎದ್ದವರ ಬಗ್ಗೆ ಮಾತ್ರ ಒಂದು ಪುಟ ಸಿಗೋದೂ ಕಷ್ಟ. ಬಿ.ಕಾಂ. ಓದಿದವರ ಚಟ, ಮೊದಲು ಒಂದು ಲೆಕ್ಕ ಹಾಕಿದೆ. ಹೊಸ ಕೂಸು ದಿನದ 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತೆ. ಅದರಲ್ಲಿ ರಾತ್ರಿ ಪಾಲು ನಾಲ್ಕು ಸಲ ಅಂತ ಇಟ್ಕೊಳ್ಳಿ. ಒಂದು ಸಲಕ್ಕೆ ಅರ್ಧ ಗಂಟೆ. ಒಂದೇ ತಿಂಗಳಿಗೆ 120 ಸಲ, 60 ಗಂಟೆ. ಅದೂ ನಿದ್ದೆಯ ನಡುವಿನಿಂದ ಕಿತ್ತು ತೆಗೆದ 60 ಗಂಟೆ. ಆಫೀಸಲ್ಲಿ ಯಾರಾದ್ರೂ ಇಷ್ಟು ನೈಟ್ ಶಿಫ್ಟ್ ಮಾಡಿದ್ರೆ ಓವರ್‌ಟೈಮ್ ಕೇಳ್ತಾರೆ. ಇದು ಮಾತ್ರ ಯಾವ ಲೆಡ್ಜರ್‌ನಲ್ಲೂ ಏರಿಲ್ಲ.

ಆದ್ರೂ ಒಂದು ಕಡೆ ಇದರ ಸುಳಿವು ಸಿಕ್ತು. ಅದು ನಮ್ಮದೇ ಸೀಮೆ ಕಡೆಗೆ ಬೆರಳು ತೋರಿಸ್ತು. ಹಾಗಾಗಿ ಇವತ್ತು ನಾವು ಹೋಗ್ತಿರೋದು ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ತಾಲೂಕು, ನನ್ನಿವಾಳದ ಕಡೆಗೆ.

ನನ್ನಿವಾಳ ಗೊತ್ತಿಲ್ಲದವರಿಗೆ ಎರಡು ಮಾತು. ಚಳ್ಳಕೆರೆ, ಮೊಳಕಾಲ್ಮೂರು ಅಂದ್ರೆ ರಾಜ್ಯದಲ್ಲೇ ಮಳೆ ಕಮ್ಮಿ ಬೀಳೋ ಜಾಗ. ಶೇಂಗಾ ಹೊಲ, ಕಲ್ಲುಗುಡ್ಡ, ಕಾವಲು, ಜಾಲಿ, ಕುರಿಮಂದೆ. ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತೆ. ಇಲ್ಲಿ ಎರಡು ಪಶುಪಾಲಕ ಸಮುದಾಯಗಳು ತಲೆತಲಾಂತರದಿಂದ ಅಕ್ಕಪಕ್ಕ ಬದುಕಿವೆ. ಒಂದು ಮ್ಯಾಸಬೇಡರು, ಮ್ಯಾಸನಾಯಕರು ಅಂತಲೂ ಕರೀತಾರೆ. ನನ್ನಿವಾಳ ಅವರ ಕಟ್ಟೆಮನೆ ಇರೋ ಊರು. ಕಟ್ಟೆಮನೆ ಅಂದ್ರೆ ಕುಲದ ನ್ಯಾಯ, ಕಟ್ಟಲೆ ಎಲ್ಲ ತೀರ್ಮಾನ ಆಗೋ ಜಾಗ. ಇವರು ದೇವರ ಎತ್ತುಗಳನ್ನ ಸಾಕ್ತಾರೆ, ಅವುಗಳನ್ನ ಕಾಯೋನಿಗೆ ಕಿಲಾರಿ ಅಂತಾರೆ. ಇನ್ನೊಂದು ಕಾಡುಗೊಲ್ಲರು. ಇವರದು ಗೊಲ್ಲರಹಟ್ಟಿ. ಊರಿಂದ ಸ್ವಲ್ಪ ದೂರ, ಸುತ್ತ ಮುಳ್ಳುಬೇಲಿ, ಒಳಗೆ ಮನೆ, ರೊಪ್ಪ, ದೇವರು. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಇವರ ದೈವಗಳು. ಚಳ್ಳಕೆರೆ ತಾಲೂಕಿನ ಕ್ಯಾತಪ್ಪನ ಜಾತ್ರೆ ನೀವು ರೀಲ್ಸ್‌ನಲ್ಲಿ ನೋಡಿರ್ತೀರ. ಬಾರೆಕಳ್ಳೆ ಮುಳ್ಳಲ್ಲೇ ಗುಡಿ ಕಟ್ಟಿ, ಬರಿಗಾಲಲ್ಲಿ ಹತ್ತಿ ಕಳಶ ಕೀಳ್ತಾರಲ್ಲ, ಅದೇ.

ಈ ಹಟ್ಟಿ ಅನ್ನೋದು ಬರೀ ವಾಸದ ಜಾಗ ಅಲ್ಲ, ದೇವರ ಜಾಗ. ಬೇಲಿ ಒಳಗೆ ಮಡಿ. ಹಾಗಾಗಿ ಸೂತಕ ಬೇಲಿಯಿಂದ ಆಚೆ. ಮುಟ್ಟಾದವಳು ಆಚೆ. ಹೆತ್ತವಳೂ ಆಚೆ, ಕೂಸಿನ ಸಮೇತ.

ನನಗೆ ಸಿಕ್ಕ ಸುಳಿವು ಇದು. ಎಡ್ಗರ್ ಥರ್ಸ್ಟನ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ, ಮದ್ರಾಸ್ ಮ್ಯೂಸಿಯಂ ನೋಡ್ಕೊಳ್ತಿದ್ದವನು. ಕೆ. ರಂಗಾಚಾರಿ ಅನ್ನೋರ ಜೊತೆ ಸೇರಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಮಾಡಿದ. ಅಚ್ಚಾದದ್ದು 1909ರಲ್ಲಿ. ಅದರಲ್ಲಿ ಗೊಲ್ಲರ ಬಗ್ಗೆ ಬರೆಯುವಾಗ ಮೈಸೂರು ಸಂಸ್ಥಾನದ ಜನಗಣತಿ ವರದಿಯ ಮಾತನ್ನ ಎತ್ತಿಕೊಂಡಿದಾನೆ. ಸಾರಾಂಶ ಹೀಗಿದೆ: ಕಾಡುಗೊಲ್ಲರಲ್ಲಿ ಹೆರಿಗೆ ಆದ ಮೇಲೆ ತಾಯಿ, ಮಗು ಊರಾಚೆ ಒಂದು ಸಣ್ಣ ಗುಡಿಸಲಲ್ಲಿ ಏಳರಿಂದ 30 ದಿನ ಇರ್ತಾರೆ. ನೋಡಿಕೊಳ್ಳೋಕೆ ಯಾರೂ ಇರಲ್ಲ. ಬಾಣಂತಿಗೆ ಕಾಯಿಲೆ ಬಿದ್ರೂ ಸ್ವಜಾತಿಯವರು ಹತ್ತಿರ ಹೋಗಲ್ಲ. ಆಗ ಒಬ್ಬ ನಾಯಕರ, ಅಂದ್ರೆ ಬೇಡರ ಹೆಂಗಸನ್ನ ಗೊತ್ತು ಮಾಡ್ತಾರೆ.

ಈ ಕೊನೇ ಮಾತನ್ನ ಇನ್ನೊಂದ್ಸಲ ಕೇಳಿಸ್ಕೊಳ್ಳಿ. ಒಬ್ಬ ನಾಯಕರ ಹೆಂಗಸು.

ಈ ಹೆಂಗಸಿಗೆ ವರದಿಯಲ್ಲಿ ಹೆಸರಿಲ್ಲ. ಎಷ್ಟು ಕೊಡ್ತಿದ್ರು, ಕಾಳು ಕೊಡ್ತಿದ್ರಾ, ಸೀರೆ ಕೊಡ್ತಿದ್ರಾ, ಯಾವುದೂ ಬರೆದಿಲ್ಲ. ಮದುವೆಗೆ ಎಷ್ಟು ದಿನ ಚಪ್ಪರ, ಹೆಂಗಸರು ರವಿಕೆ ತೊಡ್ತಾರೋ ಇಲ್ವೋ, ಇದೆಲ್ಲ ಆ ಭಾಗದಲ್ಲೇ ಬರುತ್ತೆ. ಇವಳಿಗೆ ಮಾತ್ರ ಅರ್ಧ ವಾಕ್ಯ. ಆದ್ರೆ ನಮ್ಮ ಕೇಳುಗರ ಪ್ರಶ್ನೆಗೆ ಉತ್ತರ ಇರೋದು ಈ ಅರ್ಧ ವಾಕ್ಯದಲ್ಲೇ ಅಂತ ನನಗನ್ಸುತ್ತೆ. ರಾತ್ರಿ ಹೆಂಗೆ ನಿಭಾಯಿಸ್ತಿದ್ರು ಅಂತ ಕೇಳೋದಕ್ಕಿಂತ, ಆ ರಾತ್ರಿ ಪಕ್ಕದಲ್ಲಿ ಇನ್ನೊಬ್ಬರು ಎಚ್ಚರ ಇದ್ರಾ ಅಂತ ಕೇಳಬೇಕು.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಗೊಲ್ಲರ ಕಡೆ ಬೆರಳು ತೋರಿಸಿ, ಅಯ್ಯೋ ಎಂಥ ಜನ ಅಂತ ಕೂಗೋಕೆ ಈ ಎಪಿಸೋಡ್ ಅಲ್ಲ. ಸೂತಕ ಯಾರ ಮನೇಲಿಲ್ಲ ಹೇಳಿ? ನಮ್ಮಲ್ಲೂ ಬಾಣಂತಿ ಕೋಣೆ ಬೇರೆ, ತಟ್ಟೆ ಲೋಟ ಬೇರೆ, ಹನ್ನೊಂದು ದಿನ ಮುಟ್ಟೋ ಹಾಗಿಲ್ಲ. ಬಾಣಂತಿಯನ್ನ ಬೇರೆ ಇಡೋದು ನಮ್ಮ ದೇಶದಲ್ಲಿ ತುಂಬಾ ಹಳೇದು. ಚರಕ ಸಂಹಿತೆಯಲ್ಲಿ ಸೂತಿಕಾಗಾರ ಅಂತ ಬರುತ್ತೆ, ಹೆರಿಗೆಗೇ ಅಂತ ಕಟ್ಟೋ ಮನೆ. ಆದ್ರೆ ಚರಕ ಅಲ್ಲಿಗೇ ನಿಲ್ಲಿಸಲ್ಲ. ಆ ಮನೇಲಿ ಅನುಭವ ಇರೋ ಹೆಂಗಸರು ಜೊತೆಗಿರಬೇಕು, ಹೆರಿಗೆ ಆದ ಮೇಲೂ ಹತ್ತು ಹನ್ನೆರಡು ದಿನ ಹೆಂಗಸರು, ಸ್ನೇಹಿತರು ಎಚ್ಚರ ಇದ್ದು ಕಾಯಬೇಕು, ಮನೇಲಿ ಹಾಡು, ಊಟ, ಜನ ಇರಬೇಕು ಅಂತಾನೆ. ಬೇರೆ ಮನೆ, ಸರಿ. ಒಂಟಿ ಮನೆ ಅಲ್ಲ.

ಉತ್ತರ ಕರ್ನಾಟಕದಲ್ಲಿ ಸಟವಿ, ಶೆಟಗೆವ್ವ ಅಂತ ಕೇಳಿರ್ತೀರ. ಕೂಸು ಹುಟ್ಟಿದ ಐದನೇದೋ ಆರನೇದೋ ರಾತ್ರಿ ಆಕೆ ಬಂದು ಹಣೆಬರಹ ಬರೀತಾಳೆ ಅನ್ನೋ ನಂಬಿಕೆ. ಅವತ್ತು ಮನೇಲಿ ಎಚ್ಚರ ಇರ್ತಾರೆ, ದೀಪ ಆರಬಾರದು. ನನಗೆ ಇದು ದೇವರ ಹೆಸರಲ್ಲಿ ಮಾಡಿದ ನೈಟ್ ಶಿಫ್ಟ್ ಪಟ್ಟಿ ಥರ ಕಾಣ್ಸುತ್ತೆ. ಮೊದಲ ವಾರ ಕೂಸಿಗೆ ಅತಿ ನಾಜೂಕಿನ ವಾರ. ತಾಯಿಗೂ ಸುಸ್ತು. ಆವಾಗ ಯಾರಾದ್ರೂ ದೀಪದ ನೆಪದಲ್ಲಿ ಎದ್ದಿದ್ರೆ, ಕೂಸಿನ ಮೈ ತಣ್ಣಗಾಗಿದ್ದೂ ಅವರ ಕಣ್ಣಿಗೆ ಬೀಳುತ್ತೆ.

ನಮ್ಮ ತಾಯಿ ಕಡೆ ಊರು ಚಳ್ಳಕೆರೆ ಸೀಮೆಯದೇ. ನಮ್ಮಜ್ಜಿ ಬಾಣಂತನ ಅಂದ್ರೆ ಏನು ಅಂತ ಹೇಳುವಾಗ ಕೊಬ್ಬರಿ, ಮೆಣಸು, ಸಾಂಬ್ರಾಣಿ ಹೊಗೆ ಇದ್ಯಾವುದನ್ನೂ ಮೊದಲು ಹೇಳ್ತಿರಲಿಲ್ಲ. "ಬಾಣಂತಿ ಮಗ್ಗಲಾಗೆ ಮಕ್ಕಳು ಹೆತ್ತ ಮುದುಕಿ ಮಲಗಬೇಕು ಕಣವ್ವಾ, ಕೂಸು ಅತ್ತರೆ ಆ ಮುದುಕೀಗೆ ಮೊದಲು ಎಚ್ಚರಾಗಬೇಕು" ಅನ್ನೋಳು. ಕೂಸನ್ನ ಎತ್ತಿ ಮೊಲೆಗೆ ಕೊಡೋದು, ಕುಡಿದಾದ ಮೇಲೆ ಹೆಗಲ ಮೇಲೆ ಹಾಕ್ಕೊಂಡು ತೇಗು ಬರಿಸೋದು, ಒದ್ದೆ ಬಟ್ಟೆ ಬದಲಿಸೋದು ಮುದುಕಿ ಕೆಲಸ. ತಾಯಿ ಕಣ್ಣು ಮುಚ್ಚಿಕೊಂಡೇ ಹಾಲು ಕೊಟ್ಟು ಮತ್ತೆ ಮಲಗ್ತಾಳೆ. ಅಂದ್ರೆ ನಾಲ್ಕು ಸಲ ಏಳೋದು ತಪ್ಪಲ್ಲ, ಆದ್ರೆ ಅರ್ಧ ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತೆ. ಅದಕ್ಕೇ, "ನಾವೆಲ್ಲ ಹತ್ತು ಹೆತ್ತಿಲ್ವಾ" ಅನ್ನೋ ಅತ್ತೆಯವರಿಗೆ ಗೌರವದಿಂದಲೇ ಕೇಳಿ: ಅತ್ತೆ, ಆವಾಗ ನಿಮ್ಮ ಮಗ್ಗಲಲ್ಲಿ ಯಾರು ಮಲಗ್ತಿದ್ರು?

ಸೂಲಗಿತ್ತಿ ನರಸಮ್ಮ ಅವರ ಹೆಸರು ಇಲ್ಲಿ ಬರಲೇಬೇಕು. ಚಳ್ಳಕೆರೆ ಪಕ್ಕದ ಪಾವಗಡ ತಾಲೂಕಿನವರು. ಆಸ್ಪತ್ರೆ ಹತ್ತಿರ ಇಲ್ಲದ ಸೀಮೆಯಲ್ಲಿ ಸಾವಿರಾರು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡ್ರು. ಹೆರಿಗೆ ಮಾಡಿಸಿದ ಕೈಗೆ ಕೊನೆಗಾದ್ರೂ ಒಂದು ಪ್ರಶಸ್ತಿ ಬಂತು. ರಾತ್ರಿ ಪಕ್ಕದಲ್ಲಿ ಮಲಗಿದ ಮುದುಕಿಯರಿಗೆ ಅಂಥದ್ದೊಂದು ಹೆಸರೂ ಇಲ್ಲ. ಸೂಲಗಿತ್ತಿ ಅನ್ನೋ ಥರ ಅವರಿಗೊಂದು ಪದ ನಿಮ್ಮ ಊರಲ್ಲಿದ್ರೆ ನನಗೆ ತಿಳಿಸಿ.

ಈಗ ಸ್ವಲ್ಪ ದೂರ ಹೋಗೋಣ. ಥರ್ಸ್ಟನ್ ಪುಸ್ತಕ ಅಚ್ಚಾಗೋ ಹೊತ್ತಿಗೆ, ಭೂಮಿಯ ಇನ್ನೊಂದು ತುದಿ ನ್ಯೂಜಿಲೆಂಡ್‌ನಲ್ಲಿ ಟ್ರೂಬಿ ಕಿಂಗ್ ಅಂತ ಒಬ್ಬ ಡಾಕ್ಟರ್ ಇದ್ದ. 1907ರಲ್ಲಿ ಮಕ್ಕಳ ಆರೋಗ್ಯಕ್ಕೆ ಅಂತ ಒಂದು ಸಂಘ ಶುರು ಮಾಡಿದ. ಅದಕ್ಕೆ ಮೊದಲು ಹುಚ್ಚಾಸ್ಪತ್ರೆಯ ಮುಖ್ಯಸ್ಥನಾಗಿ, ಅಲ್ಲಿನ ತೋಟದಲ್ಲಿ ಕರುಗಳಿಗೆ ಹಾಲು ಹೇಗೆ ಕುಡಿಸಬೇಕು ಅಂತ ಪ್ರಯೋಗ ಮಾಡ್ತಿದ್ದವನು. ಅವನ ನಿಯಮ ಗಡಿಯಾರದ್ದು. ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಹಾಲೇ ಇಲ್ಲ. ಅತ್ತರೆ ಅಳಲಿ, ಎತ್ತಿಕೊಂಡ್ರೆ ಚಟ ಆಗುತ್ತೆ. ಇದು ಇಂಗ್ಲೆಂಡಿಗೆ, ಬ್ರಿಟಿಷ್ ಸಾಮ್ರಾಜ್ಯದ ಬೇರೆ ಕಡೆಗೂ ಹರಡಿತು. ಎಷ್ಟೋ ಕಡೆ ಆಸ್ಪತ್ರೆಗಳಲ್ಲಿ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಸಾಲಾಗಿ ಮಲಗಿಸಿ, ಟೈಮಿಗೆ ಮಾತ್ರ ತಾಯಿ ಹತ್ತಿರ ತರೋ ಪದ್ಧತಿ ಬಂತು. ಅದನ್ನ ಬಿಡಿಸೋಕೆ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಸೇರಿ 1991ರಲ್ಲಿ ದೊಡ್ಡ ಆಂದೋಲನವೇ ಮಾಡಬೇಕಾಯ್ತು. ತಾಯಿ ಮಗು 24 ಗಂಟೆ ಒಟ್ಟಿಗಿರಲಿ, ಮಗು ಕೇಳಿದಾಗ ಹಾಲು ಕೊಡಲಿ ಅಂತ.

ಕೇಳಿದಾಗ ಯಾಕೆ, ಅದೂ ರಾತ್ರಿ ಯಾಕೆ? ಹಾಲು ಬರಿಸೋ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ರಾತ್ರಿ ಹೊತ್ತಲ್ಲೇ ಜಾಸ್ತಿ. ಮೊದಲ ವಾರಗಳಲ್ಲಿ ರಾತ್ರಿ ಕುಡಿಸೋದು ನಿಲ್ಲಿಸಿದ್ರೆ ಹಗಲಿನ ಹಾಲೂ ಇಳಿಯಬಹುದು. ಕೂಸಿನ ಹೊಟ್ಟೆ ಚಿಕ್ಕದು, ಬೇಗ ಖಾಲಿ. ಅಂದ್ರೆ ನಿಮ್ಮ ಮಗು ರಾತ್ರಿ ಏಳೋದು ಹಟ ಅಲ್ಲ, ನೀವು ಅಭ್ಯಾಸ ಕೆಡಿಸಿದ್ದೂ ಅಲ್ಲ.

ಇಲ್ಲಿ ಒಂದು ವಿಚಿತ್ರ ನೋಡಿ. ಈ ಒಂದು ಲೆಕ್ಕದಲ್ಲಿ ಹಟ್ಟಿಯಾಚೆಯ ಗುಡಿಸಲು ಟ್ರೂಬಿ ಕಿಂಗ್‌ನ ಗಡಿಯಾರಕ್ಕಿಂತ ಸರಿ ಇತ್ತು. ತಾಯಿ ಮಗುವನ್ನ ಬೇರೆ ಮಾಡ್ತಿರಲಿಲ್ಲ. ಒಂದೇ ಕಂಬಳಿ ಒಳಗೆ, ಬೇಕಾದಾಗ ಹಾಲು. ಇವತ್ತಿಗೂ ಈ ಪದ್ಧತಿ ಸಮರ್ಥಿಸೋರು ಹೇಳೋದು ಇದನ್ನೇ: ಬಾಣಂತಿಗೆ ಮನೆಗೆಲಸದಿಂದ ರಜ, ಸೋಂಕಿಂದ ದೂರ. ಅರ್ಧ ನಿಜ ಅಂತ ಒಪ್ಪಬೇಕು. ಕುರಿ, ನೀರು, ಸೌದೆ ಅಂತ ದಿನವಿಡೀ ಓಡೋ ಹೆಣ್ಣಿಗೆ ಕೆಲಸ ಮಾಡಬೇಡ ಅನ್ನೋದು ಸಣ್ಣ ಮಾತಲ್ಲ. ಇನ್ನರ್ಧ ಏನು ಅಂದ್ರೆ, ಕೆಲಸ ತಪ್ಪಿಸೋಕೆ ಮನೆಯನ್ನೇ ತಪ್ಪಿಸಬೇಕಿರಲಿಲ್ಲ. ರಜ ಅಂದ್ರೆ ಒಬ್ಬಳೇ ಇರೋದು ಅಂತ ಅರ್ಥ ಅಲ್ಲ. ಅದೂ ಬೇಕು ಅಂದಾಗ ವಾಪಸ್ ಹೋಗೋಕೆ ಬಿಡದ ರಜ.

ನನ್ನನ್ನ ಇನ್ನೂ ಕಾಡೋದು ಬೇರೆ. ಮಂದೆ ಸಾಕೋ ಜನಕ್ಕೆ ಹೊಸ ಜೀವವನ್ನ ರಾತ್ರಿ ಕಾಯೋದು ಕಲಿಸಬೇಕಾಗಿಲ್ಲ. ಕುರಿ ಮರಿ ಹಾಕುತ್ತೆ ಅಂದ್ರೆ ಗಂಡಸರು ರೊಪ್ಪದಲ್ಲೇ ಎಚ್ಚರ ಇರ್ತಾರೆ. ಮರಿ ನಡುಗಿದ್ರೆ ಕಂಬಳಿ ಒಳಗೆ ಹಾಕ್ಕೊಳ್ತಾರೆ, ತಾಯಿ ಕೆಚ್ಚಲಿಗೆ ಬಾಯಿ ಹಚ್ಚಿಸ್ತಾರೆ. ಹುಟ್ಟಿದ ಮರಿಗೆ ಚಳಿ ತಾಗಿದ್ರೆ ಹಾಲು ಚೀಪೋಕೂ ತ್ರಾಣ ಇರಲ್ಲ, ಹಾಲಿಲ್ಲದೆ ಇನ್ನಷ್ಟು ತಣ್ಣಗಾಗುತ್ತೆ. ಇದು ಯಾವ ಕುರಿಗಾಹಿಗೂ ಗೊತ್ತು. ಮನುಷ್ಯರ ಕೂಸಿಗೂ ಅದೇ ಲೆಕ್ಕ. ತೂಕ ಕಮ್ಮಿ ಇದ್ರೆ, ದಿನ ತುಂಬದೆ ಹುಟ್ಟಿದ್ರೆ ಇನ್ನೂ ಬೇಗ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಡಾಕ್ಟರುಗಳು ಇನ್‌ಕ್ಯುಬೇಟರ್ ಸಾಲದೆ ಕೂಸನ್ನ ತಾಯಿ ಎದೆಗೆ ಚರ್ಮಕ್ಕೆ ಚರ್ಮ ತಾಗೋ ಹಾಗೆ ಕಟ್ಟೋದು ಶುರು ಮಾಡಿದ್ರು. ಕಾಂಗರೂ ಆರೈಕೆ ಅಂತ ಈಗ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಹೇಳಿಕೊಡ್ತಾರೆ. ಕುರಿಗಾಹಿಯ ಕಂಬಳಿ ಥರದ್ದೇ ವಿದ್ಯೆ.

ಈಗ ಇತ್ತೀಚಿನ ಕಥೆಗೆ ಬರ್ತೀನಿ. ಇದು ಚಳ್ಳಕೆರೆಯದಲ್ಲ, ಇಲ್ಲಿಂದ ದಕ್ಷಿಣಕ್ಕೆ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯದು. 2023ರ ಜುಲೈ. ಆಸ್ಪತ್ರೆಯಲ್ಲಿ ಹೆರಿಗೆ ಆಗಿ ಬಂದ ತಾಯಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಸೂತಕ ಅಂತ ಹಟ್ಟಿಯಾಚೆ ಗುಡಿಸಲಲ್ಲಿ ಇದ್ರು. ಮಳೆ, ಗಾಳಿ. ಕೂಸಿಗೆ ಶೀತ ಹಿಡೀತು, ಬದುಕಲಿಲ್ಲ. ನೀವು ಆಗ ನ್ಯೂಸ್‌ನಲ್ಲಿ ನೋಡಿರ್ತೀರ. ಎರಡು ದಿನ ಚರ್ಚೆ ಆಯ್ತು, ಆಮೇಲೆ ಬೇರೆ ಬ್ರೇಕಿಂಗ್ ನ್ಯೂಸ್. ನಾನು ಯೋಚಿಸೋದು ಆ ತಾಯಿ ಆ ಗುಡಿಸಲಲ್ಲಿ ಕಳೆದ ಒಂದೊಂದು ರಾತ್ರಿಯನ್ನ. ಎರಡು ಗಂಟೆಗೊಂದ್ಸಲ ಎದ್ದಿರ್ತಾಳೆ. ಕೂಸು ಸರಿಯಾಗಿ ಚೀಪ್ತಿಲ್ಲ ಅಂತ ಗೊತ್ತಾಗಿರುತ್ತೆ. ಯಾರನ್ನ ಎಬ್ಬಿಸಬೇಕು?

ಕಾನೂನು ಆಗಲೇ ಇತ್ತು ಅನ್ನೋದು ನೆನಪಿರಲಿ. ನಾವು ಮೌಢ್ಯ ನಿಷೇಧ ಕಾಯ್ದೆ ಅಂತ ಕರೆಯೋ ಅಮಾನವೀಯ ದುಷ್ಟ ಪದ್ಧತಿ ಹಾಗೂ ವಾಮಾಚಾರ ತಡೆ ಕಾಯ್ದೆ 2017ರಲ್ಲಿ ಪಾಸಾಗಿ, 2020ರ ಜನವರಿಯಲ್ಲಿ ಜಾರಿಗೆ ಬಂತು. ಮುಟ್ಟಾದವರನ್ನ, ಗರ್ಭಿಣಿಯರನ್ನ ಬಲವಂತವಾಗಿ ಊರಾಚೆ ಇಡೋದು ಅದರಲ್ಲಿ ಅಪರಾಧ. ಇನ್ನೊಂದು ಕಡೆ ಸರ್ಕಾರವೇ ಗೊಲ್ಲರಹಟ್ಟಿಗಳ ಪಕ್ಕ 'ಕೃಷ್ಣ ಕುಟೀರ' ಅಂತ ಮಹಿಳಾ ಭವನಗಳನ್ನ ಕಟ್ಟಿಸಿದೆ. ಗುಡಿಸಲಿನ ಬದಲು ಸಿಮೆಂಟು ಕಟ್ಟಡ. ಮಳೆಯಲ್ಲಿ ನೆನೆಯೋದಕ್ಕಿಂತ ಸೂರು ವಾಸಿ, ಅದನ್ನ ಅಲ್ಲಗಳೆಯಲ್ಲ. ಆದ್ರೆ ಒಂದು ಕೈಯಲ್ಲಿ ಆಚೆ ಇಡೋದು ಅಪರಾಧ ಅಂತ ಬರೆದು, ಇನ್ನೊಂದು ಕೈಯಲ್ಲಿ ಆಚೆ ಇಡೋಕೆ ಕಟ್ಟಡ ಕೊಟ್ಟರೆ ಬ್ಯಾಲೆನ್ಸ್ ಶೀಟ್ ಹೇಗೆ ಟ್ಯಾಲಿ ಆಗುತ್ತೆ? ಆ ದುಡ್ಡಿಗೆ ಒಬ್ಬ ರಾತ್ರಿ ಸಹಾಯಕಿಯನ್ನ ಇಟ್ಟಿದ್ರೆ ಅಂತ ನನಗನ್ಸುತ್ತೆ. ಅದಕ್ಕೆ ಉದ್ಘಾಟನೆ ಕಲ್ಲು ನೆಡೋಕಾಗಲ್ಲ, ಅದೊಂದೇ ಕಷ್ಟ.

ರಾಜ್ಯದಲ್ಲಿ ಈಗ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗ್ತಿದೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಲೆಕ್ಕ. ದೊಡ್ಡ ಸಾಧನೆ. ಆದ್ರೆ ಆಸ್ಪತ್ರೆ ಇರೋದು ಎರಡು ಮೂರು ದಿನ. ಆಮೇಲಿನ ನಲವತ್ತು ರಾತ್ರಿ ಮನೆಯದು. ಆಶಾ ಕಾರ್ಯಕರ್ತೆಯರು ಆರು ಸಲ ಬರಬೇಕು: 3, 7, 14, 21, 28, 42ನೇ ದಿನ. ತೂಕ ನೋಡ್ತಾರೆ, ಮೈ ಬಿಸಿ ನೋಡ್ತಾರೆ, ಹಾಲು ಕುಡಿಯೋದು ನೋಡ್ತಾರೆ. ಎಷ್ಟೋ ಕೂಸುಗಳು ಉಳಿದಿರೋದು ಇವರಿಂದ. ಅವರು ಬರೋದು ಹಗಲು. ಅದಕ್ಕಿಂತ ಹೆಚ್ಚು ಅವರಿಂದ ಕೇಳೋದು ನ್ಯಾಯವೂ ಅಲ್ಲ, ಅವರಿಗೆ ಕೊಡೋ ಗೌರವಧನಕ್ಕೆ.

ಇನ್ನು ಅಪ್ಪಂದಿರು. ಹಟ್ಟಿಯ ಗಂಡಸಿಗೆ ಸೂತಕ ಅಡ್ಡ, ಮಂದೆ ನೆಪ. ಬೆಂಗಳೂರಿನ ಗಂಡಸಿಗೆ ಬೆಳಗಿನ ಮೀಟಿಂಗ್ ನೆಪ. ಕೇಂದ್ರ ಸರ್ಕಾರಿ ನೌಕರನಿಗೆ ಪಿತೃತ್ವ ರಜೆ 15 ದಿನ. ಹೆಂಗಸರಿಗೆ ಹೆರಿಗೆ ರಜೆ 2017ರ ತಿದ್ದುಪಡಿ ಆದ ಮೇಲೆ 26 ವಾರ. ಖಾಸಗಿ ಕಂಪನಿ ಗಂಡಸಿಗೆ ಕಾನೂನಲ್ಲಿ ಸೊನ್ನೆ. ಅಂದ್ರೆ ರಾತ್ರಿ ಪಾಳಿ ಯಾರದು ಅಂತ ನಮ್ಮ ಕಾನೂನು ಕೂಡ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ. ಆದ್ರೆ ನಮ್ಮಜ್ಜಿ ಹೇಳಿದ ಮುದುಕಿ ಕೆಲಸ ನೆನಪು ಮಾಡ್ಕೊಳ್ಳಿ. ಎತ್ತಿ ಕೊಡೋದು, ತೇಗು ಬರಿಸೋದು, ಬಟ್ಟೆ ಬದಲಿಸೋದು. ಇದರಲ್ಲಿ ಯಾವುದಕ್ಕೆ ಮೊಲೆ ಬೇಕು?

ವಾಯ್ಸ್ ನೋಟ್ ಕಳಿಸಿದ ಅಕ್ಕ ಇರೋದು ಅಪಾರ್ಟ್‌ಮೆಂಟ್‌ನಲ್ಲಿ. ಗಾಳಿ ಮಳೆ ಒಳಗೆ ಬರಲ್ಲ, ಹತ್ತು ನಿಮಿಷದಲ್ಲಿ ಡಾಕ್ಟರ್ ಇದಾರೆ. ಗುಡಿಸಲಿಗೂ ಅದಕ್ಕೂ ಹೋಲಿಕೆ ಮಾಡೋದು ತಪ್ಪು, ಅಲ್ಲಿ ಜೀವದ ಪ್ರಶ್ನೆ. ಆದ್ರೂ ಸುಸ್ತಾಗಿ ಒಬ್ಬರೇ ಕೂತಾಗ ತಲೆ ಎಲ್ಲೆಲ್ಲಿಗೋ ಹೋಗುತ್ತೆ. ಎರಡು ವಾರ ಆದ್ರೂ ಅಳು ನಿಲ್ಲದಿದ್ರೆ, ಮಗು ಮೇಲೆ ಮನಸ್ಸೇ ಬರ್ತಿಲ್ಲ ಅನ್ಸಿದ್ರೆ, ನಿದ್ದೆಗೆ ಅವಕಾಶ ಸಿಕ್ಕಾಗಲೂ ನಿದ್ದೆ ಬರದಿದ್ರೆ, ಅದನ್ನ ಬಾಣಂತನದ ಸುಸ್ತು ಅಂತ ತಳ್ಳಿಹಾಕಬೇಡಿ, ಡಾಕ್ಟರಿಗೆ ಹೇಳಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416, ರಾತ್ರಿನೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡಬಹುದು. ಸೋಫಾ ಮೇಲೆ ಕೂತು ಹಾಲು ಕೊಡ್ತಾ ನಿದ್ದೆ ಹೋಗಬೇಡಿ, ಕೂಸು ಸಂದಿಗೆ ಜಾರಿ ಉಸಿರು ಕಟ್ಟೋ ಅಪಾಯ ಇದೆ. ಕಣ್ಣು ಎಳೀತಿದ್ರೆ ಪಕ್ಕದವರನ್ನ ಎಬ್ಬಿಸಿ. ಪಾಪ ಮಲಗಿದಾರೆ ಅಂತ ನೋಡಬೇಡಿ.

ಕೊನೆಗೆ ಒಂದು ಕೆಲಸ ಕೊಡ್ತೀನಿ. ಚಳ್ಳಕೆರೆ ತಾಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಅಂತ ಇದ್ರು. ಶಾಲೆಗೆ ಹೋದವರಲ್ಲ, ಸಾವಿರಾರು ಪದ ಬಾಯಲ್ಲೇ ಇತ್ತು. ಕೃಷ್ಣಮೂರ್ತಿ ಹನೂರು ಅವರು ಹಟ್ಟಿಗೆ ಹೋಗಿ ಕೂತು ಕೇಳಿ ದಾಖಲಿಸಿದ್ರು, ಇಲ್ಲದಿದ್ರೆ ಅದೂ ಹೋಗ್ತಿತ್ತು. ನಿಮ್ಮ ಕೈಯಲ್ಲಿ ಈಗ ಫೋನೇ ರೆಕಾರ್ಡರ್. ನನ್ನಿವಾಳ, ನಾಯಕನಹಟ್ಟಿ, ಮೊಳಕಾಲ್ಮೂರು ಕಡೆಯವರೇ, ನಿಮ್ಮ ಮನೇಲೋ ಕೇರೀಲೋ ಬೇರೆಯವರ ಬಾಣಂತಿ ಕಾಯೋಕೆ ಹೋಗಿದ್ದ ಅಜ್ಜಿ ಇದ್ರೆ, ಆ ನಾಯಕರ ಹೆಂಗಸಿನ ಮೊಮ್ಮಗಳೋ ಮರಿಮಗಳೋ ಇದ್ರೆ, ಕೂತು ಕೇಳಿ. ರಾತ್ರಿ ಏನು ಮಾಡ್ತಿದ್ರಿ, ದೀಪಕ್ಕೆ ಎಣ್ಣೆ ಯಾರು ಕೊಡ್ತಿದ್ರು, ಕೂಲಿ ಏನು ಸಿಗ್ತಿತ್ತು, ಬೆಳಗಾದ ಮೇಲೆ ಅವರ ಮನೆಯೊಳಗೆ ಬಿಟ್ಕೊಳ್ತಿದ್ರಾ ಅಂತ. ಅವರು ಒಪ್ಪಿದ್ರೆ ಮಾತ್ರ ನನಗೆ ಕಳಿಸಿ. ಹೆಸರು ಬೇಡ ಅಂದ್ರೆ ಹೆಸರು ಹಾಕಲ್ಲ.

ಮುಂದಿನ ವಾರ ಸಿಗೋಣ. ಮಗು ಮಲಗಿದ್ರೆ ನೀವೂ ಮಲಗಿ, ಈ ಎಪಿಸೋಡ್ ಎಲ್ಲೂ ಹೋಗಲ್ಲ.